ಪದ ಬೇಕು: ಇಲ್ಲಿ ನಡೆದು ಅಲ್ಲಿ ನಡೆಯದ ಅಕ್ಷರಕ್ಕೆ ಏನನ್ನೋಣ?

ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆಯೊಳಗೆ ಒಂದು ಪದ ಬೇಕು, ಗೋಡೆಗೆ ಚೀಟಿ ಅಂಟಿಸಬೇಕಿದೆ.

ನಾವು ಹಳೆಯ ಜಮೀನಿನ ಕಾಗದಗಳನ್ನು ಸ್ಕ್ಯಾನ್ ಮಾಡುತ್ತೇವೆ. ಹುಡುಗರು ಕೂರುವ ಕಂಪ್ಯೂಟರ್ ಲಿನಕ್ಸ್. ಸರ್ವೆ ನಂಬರ್ 45/2 ಇದ್ದರೆ ಫೈಲ್ ಹೆಸರಿನಲ್ಲಿ ಓರೆಗೆರೆ ಹಾಕಲು ಬರುವುದಿಲ್ಲ. ಅದಕ್ಕೆ 45:2 ಅಂತ ಬರೆದಿದ್ದಾರೆ. ಅಲ್ಲಿ ಸಲೀಸಾಗಿ ಸೇವ್ ಆಗುತ್ತದೆ. ಅದೇ ಫೋಲ್ಡರನ್ನು ಪಕ್ಕದ ಕೋಣೆಯ ವಿಂಡೋಸ್‌ನಲ್ಲಿ ಸಾಂಬಾ (ಲಿನಕ್ಸ್‌ನ ಫೋಲ್ಡರನ್ನು ವಿಂಡೋಸ್‌ಗೆ ತೋರಿಸುವ ತಂತ್ರಾಂಶ) ಮೂಲಕ ತೆರೆದರೆ ಆ ಹೆಸರೇ ಇಲ್ಲ. ಅರ್ಥವಾಗದ ಎಂಟು ಇಂಗ್ಲಿಷ್ ಅಕ್ಷರ, ಅದರಲ್ಲೊಂದು ~. ನಿನ್ನೆ ಹಿರಿಯರೊಬ್ಬರು ತಮ್ಮ ಹೊಲದ ನಕಲಿಗೆ ಒಂದು ತಾಸು ಕಾದರು. ಫೈಲ್ ಕಣ್ಣೆದುರೇ ಇತ್ತು.

ವಿಂಡೋಸ್ ಒಪ್ಪದವು ಒಂಬತ್ತು: \ / : * ? " < > |. ಅಚ್ಚಾಗಿ ಕಾಣುವವುಗಳಲ್ಲಿ ಲಿನಕ್ಸ್‌ಗೆ ಆಗದ್ದು / ಒಂದೇ. ನಾನು ‘ನಿಷಿದ್ಧ ಅಕ್ಷರ’ ಅಂತ ಬರೆದೆ. ‘ನಮ್ಮಲ್ಲಿ ಸೇವ್ ಆಗ್ತದಲ್ರೀ, ನಿಷಿದ್ಧ ಹ್ಯಾಂಗಾಯ್ತು?’ ಅಂದರು ಹುಡುಗರು. ಅವರ ಮಾತು ಸರಿ ಅಲ್ವಾ?

ಬೀದರ್‌ನಿಂದ:

‘ಅಕ್ಷರ’ ಬೇಡವೇ ಬೇಡ. ಕ್ಷರ ಇಲ್ಲದ್ದು, ಅಳಿಯದ್ದು ಅಕ್ಷರ. ಪಕ್ಕದ ಕೋಣೆಗೆ ಹೋಗುವಷ್ಟರಲ್ಲಿ ಅಳಿಯುವ ಎರಡು ಚುಕ್ಕೆಗೆ ಆ ಹೆಸರು ಹೇಗೆ ಸಲ್ಲುತ್ತದೆ? ‘ಸಲ್ಲದ ಗುರುತು’ ಅನ್ನಿ. ಫೈಲ್ ಕೂಡ ತೆಗೆಯಿರಿ. ‘ಕಡತ’ ಇದೆಯಲ್ಲ. ಬಟ್ಟೆಗೆ ಇದ್ದಿಲು, ಹುಣಸೆಬೀಜದ ಸರಿ ಬಳಿದು, ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ ಅದು. ಮನೆಯಲ್ಲೇ ಇರುವಾಗ ಸಾಲ ಯಾಕೆ?

ಯಾದಗಿರಿಯಿಂದ:

ಸರ್, ಕಡತ ಅಂತ ಬರೆದರೆ ಹುಡುಗರು ಕಪಾಟು ತೆರೆಯುತ್ತಾರೆ. ಈಗ ಕಡತ ಅಂದರೆ ದಾರ ಕಟ್ಟಿದ ಕಾಗದದ ಕಟ್ಟು. ಸಾಲದ ಮಾತು ಈ ಸೀಮೆಯಲ್ಲಂತೂ ಬೇಡ. 1948ಕ್ಕೆ ಮುಂಚೆ ನಿಜಾಮರ ಆಡಳಿತದಲ್ಲಿ ನಮ್ಮ ಮೂರೂ ಊರಿನ ಸರ್ಕಾರಿ ವ್ಯವಹಾರ ಉರ್ದುವಿನಲ್ಲಿತ್ತು. ಜಮೀನು, ಕಾಗದ, ದಾಖಲೆ, ನಕಲು, ದಫ್ತರ ಎಲ್ಲ ಆ ಕಡೆಯಿಂದ ಬಂದವು. ದಫ್ತರದ ಬೇರು ಇನ್ನೂ ಹಿಂದೆ, ಚರ್ಮ ಅನ್ನುವ ಗ್ರೀಕ್ ಪದದಲ್ಲಿದೆ. ಇವನ್ನೆಲ್ಲ ತೆಗೆದರೆ ಆ ಹಿರಿಯರು ತಮಗೆ ಬೇಕಾದ್ದನ್ನು ಕೇಳುವುದು ಹೇಗೆ?

‘ಗುರುತು’ ಕೂಡ ಸಾಲದು. ನಿಮ್ಮ ಊರಿನ ಹೆಸರನ್ನೇ ನೋಡಿ. ‘ಬೀ’ಯಲ್ಲಿರುವ ಗುಡಿಸಿನ ದೀರ್ಘವನ್ನು, ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇಡಬಹುದು, ಗುಡಿಸು ಬೇರೆ ದೀರ್ಘ ಬೇರೆ ಅಂತ ಎರಡಾಗಿಯೂ ಇಡಬಹುದು. ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ (ಡಿಸ್ಕಿನಲ್ಲಿ ಫೈಲ್ ಇಡುವ ವ್ಯವಸ್ಥೆ) ಎರಡಾಗಿ ಒಡೆದಿಡುತ್ತದೆ. ಅಲ್ಲಿಂದ ಜಿಪ್ ಮಾಡಿ ತಂದು ಲಿನಕ್ಸ್ ಸರ್ವರಿನಲ್ಲಿ, ಮೊದಲೇ ಇದ್ದ ಅದೇ ಹೆಸರಿನ ಫೈಲಿನ ಪಕ್ಕ ಬಿಚ್ಚಿದೆ. ‘ಬೀದರ್ ನಕ್ಷೆ’ ಅನ್ನುವ ಎರಡು ಫೈಲು ಅಕ್ಕಪಕ್ಕ ಕೂತವು. ಕಣ್ಣಿಗೆ ಎರಡೂ ಒಂದೇ. ಹೆಸರು ಟೈಪ್ ಮಾಡಿ ಹುಡುಕಿದರೆ ಒಂದೇ ಸಿಕ್ಕಿತು. ಅಲ್ಲಿ ತಕರಾರು ಚುಕ್ಕೆಯದಲ್ಲ, ಅಪ್ಪಟ ಕನ್ನಡ ಅಕ್ಷರದ್ದು.

‘ಒಗ್ಗದ ಅಕ್ಷರ’ ಅನ್ನಿ. ಪರ ಊರಿಗೆ ಹೋದವರು ‘ಅಲ್ಲಿನ ನೀರು ಒಗ್ಗಲಿಲ್ಲ’ ಅನ್ನುತ್ತಾರಲ್ಲ, ಹಾಗೆ. ನೀರು ಕೆಟ್ಟದ್ದು ಅಂತಲ್ಲ.

ಬೀದರ್‌ನಿಂದ:

‘ಒಗ್ಗದ’ ಚೆನ್ನಾಗಿದೆ. ‘ಅಕ್ಷರ’ ಒಪ್ಪುವುದಿಲ್ಲ. ಕಡತ ಬಿಟ್ಟದ್ದೂ ತಪ್ಪು.

ಕಲಬುರಗಿಯಿಂದ:

ಇಬ್ಬರಿಗೂ ಶರಣು. ಬೀದರ್ ಸರ್, ಬೇಸರ ಮಾಡಿಕೊಳ್ಳಬೇಡಿ, ‘ಗುರುತು’ ಅಂದರೆ ನಮ್ಮ ಹುಡುಗರಿಗೆ ಗುರುತಿನ ಚೀಟಿ ನೆನಪಾಗುತ್ತದೆ. ಹೀಗೆ ಬರೆದೆ: ‘ಫೈಲ್ ಹೆಸರಿನಲ್ಲಿ ಒಗ್ಗದ ಅಕ್ಷರ ಹಾಕಬೇಡಿ. 45:2 ಅಲ್ಲ, 45-2.’ ಕೆಳಗೆ ಆ ಒಂಬತ್ತನ್ನೂ ದಪ್ಪಗೆ ಬರೆದಿದ್ದೇನೆ.

ಹಳೆಯ ಫೈಲುಗಳಿಗೆ ಸಾಂಬಾದಲ್ಲಿ ಅಕ್ಷರ ಬದಲಿಸಿ ತೋರಿಸುವ ಕೇಟಿಯಾ ಮಾಡ್ಯೂಲ್ ಹಾಕಿದೆ. ಡಿಸ್ಕಿನಲ್ಲಿ 45:2 ಹಾಗೇ ಇದೆ, ವಿಂಡೋಸ್‌ನಲ್ಲಿ 45÷2 ಅಂತ ಕಾಣುತ್ತದೆ. ಆ ÷ಗೆ ‘ಬದಲಿ ಅಕ್ಷರ’ ಅಂದಿದ್ದೇನೆ. ಹಿರಿಯರ ನಕಲು ಸಿಕ್ಕಿತು, ಪ್ರಿಂಟ್ ತೆಗೆದಿಟ್ಟಿದ್ದೇನೆ.