ಹತ್ತು ಪ್ರಶ್ನೆಯ ಫಾರ್ವರ್ಡ್

ತಮ್ಮ: (ಫಾರ್ವರ್ಡ್) "ಬಸುರಿಯಿದ್ದಾಗಲೇ ಈ ಹತ್ತು ಪ್ರಶ್ನೆ ಕೇಳಿ. ಹೆರಿಗೆ ನಂತರದ ಖಿನ್ನತೆ, ಆತಂಕ ಬರುತ್ತೋ ಇಲ್ಲವೋ ಮೊದಲೇ ತಿಳಿಯಿರಿ. ತಾಯಿ-ಮಗುವಿನ ನಂಟು ಉಳಿಸಿ." ಎಲ್ಲರೂ ಓದಿ.

ಮಾವ: ಇದೇನಪ್ಪ, ಮಗು ಹುಟ್ಟೋಕೆ ಮುಂಚೆನೇ ತಾಯಿಗೆ ಖಿನ್ನತೆ ಅಂತ ಚೀಟಿ ಅಂಟಿಸೋದಾ? ಗುಂಪಲ್ಲಿ ಏಳು ತಿಂಗಳ ಬಸುರಿ ಇದ್ದಾಳೆ, ನೋಡ್ಕೊಂಡು ಹಾಕ್ಬಾರ್ದಾ?

ದೊಡ್ಡಮ್ಮ: ಹೌದು ಕಣೋ. ಕೇಳಿ ಕೇಳಿ ನಾವೇ ತಲೆಗೆ ಹುಳ ಬಿಟ್ಟ ಹಾಗಾಗುತ್ತೆ.

ತಮ್ಮ: ಅವಳನ್ನ ನೆನೆಸ್ಕೊಂಡೇ ಹಾಕಿದ್ದು ಮಾವ.

ಅಣ್ಣ: ನನ್ನ ತಕರಾರು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು 13 ಜನಕ್ಕೆ ಮಾನಸಿಕ ತೊಂದರೆ ಆಗುತ್ತೆ, ಹೆಚ್ಚಿನದು ಖಿನ್ನತೆ. ಲೆಕ್ಕಕ್ಕೆ ಅಂದ್ಕೊಳ್ಳಿ, ಈ ಹತ್ತು ಪ್ರಶ್ನೆಯ ಪರೀಕ್ಷೆ, ತೊಂದರೆ ಇರೋರಲ್ಲೂ ಇಲ್ಲದೋರಲ್ಲೂ ನೂರಕ್ಕೆ 80 ಸಲ ಸರಿ ಹೇಳುತ್ತೆ. ಆ 13ರಲ್ಲಿ 10 ಜನ ಸಿಕ್ತಾರೆ. ಉಳಿದ 87ರಲ್ಲಿ 17 ಜನ ಏನೂ ಇಲ್ಲದೆ ಸಿಕ್ಕಿಹಾಕ್ಕೋತಾರೆ. ಅಂದ್ರೆ 'ನಿಮಗೆ ಇದೆ' ಅನ್ನಿಸಿಕೊಂಡ 27 ಜನರಲ್ಲಿ 17 ಜನಕ್ಕೆ ಸುಮ್ಮನೆ ದಿಗಿಲು.

ಮಾವ: ನೋಡಿ, ಲೆಕ್ಕಾನೇ ಹೇಳ್ತಿದೆ. ಹೆತ್ತವಳ ಪ್ರೀತಿನ ಅಂಕದಲ್ಲಿ ಅಳೀತಾರಾ ಯಾರಾದ್ರೂ?

ನಾನು: ಮಾವ, ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದಿ.

ಮೊದಲು, ಫಾರ್ವರ್ಡ್‌ನಲ್ಲೇ ತಪ್ಪಿದೆ. ಇದು 1987ರಲ್ಲಿ ಬಂದ ಎಡಿನ್‌ಬರೋ ಪ್ರಶ್ನಾವಳಿ. ಹತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3. ಅದು ಕೇಳೋದು ಹಿಂದಿನ ಏಳು ದಿನ ಹೇಗಿದ್ದೆ ಅಂತ. ಮುಂದೆ ಏನಾಗುತ್ತೆ ಅಂತ ಭವಿಷ್ಯ ಹೇಳಲ್ಲ, ಕಾಯಿಲೆ ಇದೆ ಅಂತಾನೂ ತೀರ್ಮಾನ ಮಾಡಲ್ಲ. ಅಂಕ ಜಾಸ್ತಿ ಬಂದ್ರೆ ಡಾಕ್ಟರ್ ಕೂತು ಮಾತಾಡಿ ನೋಡಬೇಕು, ಅಷ್ಟೆ. ಮುಂಚೆ ಊಹಿಸೋಕೆ ನೋಡಬೇಕಾದ್ದು ಬೇರೆ: ಹಿಂದೆ ಖಿನ್ನತೆ ಆಗಿತ್ತಾ, ಬಸುರಿಯಿದ್ದಾಗಲೇ ಮನಸ್ಸು ಕುಗ್ಗಿದೆಯಾ, ಗಂಡ ಜೊತೆಗಿದ್ದಾನಾ, ಮನೆಯಲ್ಲಿ ಹೊಡೆತ ಬಡಿತ ಇದೆಯಾ, ಈಚೆಗೆ ಸಾವು ನೋವು ಏನಾದ್ರೂ ಆಗಿದೆಯಾ.

ದೊಡ್ಡಮ್ಮ: ಹೆತ್ತಮೇಲೆ ಅಳೋದು ಎಲ್ಲರಿಗೂ ಇದ್ದದ್ದೇ ಅಲ್ವಾ?

ನಾನು: ಮೂರು ನಾಲ್ಕನೇ ದಿನ ಶುರುವಾಗೋ ಅಳು ಬೇರೆ ದೊಡ್ಡಮ್ಮ, ಅದು ಎರಡು ವಾರದೊಳಗೆ ತಾನಾಗೇ ಹೋಗುತ್ತೆ. ಅದಕ್ಕೂ ಮೀರಿ ಉಳಿದ್ರೆ ಕೇಳಲೇಬೇಕು. ಇನ್ನು ಇಲ್ಲದ್ದು ಕಾಣೋದು ಕೇಳೋದು, ದಿನಗಟ್ಟಲೆ ನಿದ್ದೆ ಇಲ್ಲದೆ ಏನೇನೋ ಮಾತಾಡೋದು, ಹಾಗೇನಾದ್ರೂ ಆದ್ರೆ ಒಂದು ದಿನಾನೂ ಕಾಯೋ ಹಾಗಿಲ್ಲ.

ನನ್ನದು ಇವತ್ತಿನವರೆಗೆ ನಿಮಗ್ಯಾರಿಗೂ ಹೇಳಿಲ್ಲ. ನಾನು ಅತ್ತೇ ಇಲ್ಲ. ಮಗು ನೆಮ್ಮದಿಯಾಗಿ ಮಲಗಿರೋದು, ನಾನು ಮೂಗಿನ ಹತ್ರ ಬೆರಳು ಹಿಡಿದು ಉಸಿರು ನೋಡೋದು. ದಿಂಬಿಗೆ ತಲೆ ಇಟ್ಟು ಎರಡು ನಿಮಿಷ ಆಗಿರಲ್ಲ, ಮತ್ತೆ ಎದ್ದು ಬೆರಳು. ಬೆಳಗಾಗೋ ತನಕ. ನೋಡಿದವರೆಲ್ಲ "ಎಷ್ಟು ಜೋಪಾನ ಮಾಡ್ತಾಳೆ" ಅಂದ್ರು. ಎತ್ಕೊಂಡ್ರೆ ಮಾತ್ರ ಯಾರೋ ಬಿಟ್ಟುಹೋದ ಮಗುನ ನೋಡ್ಕೊತಿದ್ದೀನಿ ಅನ್ನಿಸೋದು. ಅದನ್ನ ಯಾರ ಹತ್ರ ಹೇಳಲಿ?

ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು, ಅದು ಆತಂಕ ಅಂತ. ಆ ಹತ್ತರಲ್ಲಿ 3, 4, 5ನೇ ಪ್ರಶ್ನೆ ಅದರ ಸುಳಿವು ಕೊಡುತ್ತೆ: ವಿನಾಕಾರಣ ನನ್ನನ್ನೇ ದೂರಿಕೊಂಡೆನಾ, ಕಾರಣ ಇಲ್ಲದೆ ಚಿಂತೆ ಹತ್ತಿತಾ, ದಿಗಿಲಾಯ್ತಾ. ತಾಯಿ-ಮಗುವಿನ ನಂಟಿಗೇ 25 ಸಾಲಿನ ಇನ್ನೊಂದು ಪ್ರಶ್ನಾವಳಿ ಇದೆ. ಅದರಲ್ಲಿ "ಮಗು ನನ್ನದಲ್ಲ ಅನ್ನಿಸುತ್ತೆ" ಅನ್ನೋ ಅರ್ಥದ ಸಾಲು ಓದಿದಾಗ ಕೈ ನಡುಗಿತು ನನಗೆ. ಪ್ರಶ್ನೆಯಾಗಿ ಅಚ್ಚಾಗಿದೆ ಅಂದ್ರೆ ಇನ್ನೂ ಎಷ್ಟೋ ಜನಕ್ಕೆ ಹಾಗೆ ಆಗಿದೆ ಅಂತ ತಾನೆ.

ದೊಡ್ಡಮ್ಮ: ಅಯ್ಯೋ ಕಂದ. ನಾನೂ ಪಕ್ಕದಲ್ಲೇ ಇದ್ದೆನಲ್ಲೇ.

ನಾನು: ಇದ್ರಿ ದೊಡ್ಡಮ್ಮ. ಕೇಳಬೇಕು ಅಂತ ನಿಮಗೂ ಗೊತ್ತಿರಲಿಲ್ಲ. ಕೇಳಿದ್ರೆ ಹುಳ ಬಿಟ್ಟ ಹಾಗಾಗಲ್ಲ. ಹತ್ತನೇ ಪ್ರಶ್ನೆ, ನಿನಗೆ ನೀನೇ ಏನಾದ್ರೂ ಮಾಡ್ಕೊಬೇಕು ಅನ್ನಿಸಿತಾ ಅನ್ನೋದು, ಅದನ್ನ ಕೇಳಿದ್ರೂ ಯೋಚನೆ ಹೊಸದಾಗಿ ಹುಟ್ಟಲ್ಲ. ಒಳಗಿದ್ರೆ ಹೊರಗೆ ಬರುತ್ತೆ.

ಅಣ್ಣ: ಸರಿ. ಆದ್ರೆ ಖಿನ್ನತೆ ಬಂದ್ರೆ ನಂಟು ಕಡಿದೇ ಹೋಗುತ್ತೆ ಅಂತ ಫಾರ್ವರ್ಡ್ ಹೆದರಿಸುತ್ತಲ್ಲ?

ನಾನು: ಅದು ನನಗೂ ಸಿಟ್ಟು ಬಂತು ಅಣ್ಣ. ಎಡ್ವರ್ಡ್ ಟ್ರಾನಿಕ್ ಅಂತ ವಿಜ್ಞಾನಿ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ್ರು. ಆಡಿಸ್ತಿದ್ದ ತಾಯಿ ಎರಡು ಮೂರು ನಿಮಿಷ ಮುಖ ಗಟ್ಟಿ ಮಾಡಿ ಸುಮ್ಮನಿರೋದು. ಮಗು ನಗುತ್ತೆ, ಕೈ ಚಾಚುತ್ತೆ, ಕೊನೆಗೆ ಮುಖ ಆ ಕಡೆ ತಿರುಗಿಸುತ್ತೆ. ಮನಸ್ಸು ಕುಗ್ಗಿದ ತಾಯಿ ಮಾತು ಕಡಿಮೆ ಆಗಿ, ಮಗುವಿಗೆ ಓಗೊಡೋದು ತಡ ಆದ್ರೆ ಮಗುವಿಗೆ ತಟ್ಟೋದು ನಿಜ. ಆದ್ರೆ ಎಲ್ಲ ತಾಯಂದಿರಿಗೂ ಹಾಗಾಗಲ್ಲ, ಆದದ್ದು ಹಾಗೇ ಉಳಿಯಲೂ ಬೇಕಿಲ್ಲ. ಒಳಗೆ ಪ್ರೀತಿ ಮರಗಟ್ಟಿದ್ರೂ ಹಾಲು ಕುಡಿಸಿ, ಎತ್ತಿ, ಮಾತಾಡಿಸೋರು ಎಷ್ಟೋ ಜನ. ಒಂದು ಮಾತ್ರ, ಖಿನ್ನತೆ ಇಳಿದ ಮಾತ್ರಕ್ಕೆ ಮಗುವಿನ ಜೊತೆಗಿನ ಒಡನಾಟ ತಾನಾಗೇ ಸರಿಹೋಗದೇ ಇರಬಹುದು. ಅದಕ್ಕೇ ಬೇರೆ ನೆರವು ಬೇಕಾಗಬಹುದು.

ನಿನ್ನ 17 ಜನರ ಮಾತು ಸುಳ್ಳಲ್ಲ. ಅಂಕ ಹೇಳಿ ಮನೆಗೆ ಕಳಿಸಿದ್ರೆ ಅದು ಅನ್ಯಾಯವೇ. ಯಾರಾದ್ರೂ ಕೂತು ಮಾತಾಡೋ ಹಾಗಿದ್ರೆ ಮಾತ್ರ ಕೇಳಬೇಕು.

ಮಾವ: ಕೇಳೋದು ಬೇಡ ಅಂತ ಇನ್ನು ಹೇಳಲ್ಲಮ್ಮ. ನಂಬರ್ ಮಾತ್ರ ನನಗೆ ಈಗಲೂ ಒಪ್ಪಿಗೆ ಇಲ್ಲ.

ತಂಗಿ: ಎಲ್ಲಾ ಓದ್ತಿದ್ದೆ. ಬೆಳಿಗ್ಗೆನೇ ಗುರುತು ಹಾಕಿ ನೋಡ್ದೆ. 4ಕ್ಕೂ 5ಕ್ಕೂ ಮೂರು ಮೂರು ಬಂತು ಅಕ್ಕ. ಹತ್ತನೇದಕ್ಕೆ ಸೊನ್ನೆ, ಗಾಬರಿ ಆಗ್ಬೇಡಿ. ಇಲ್ಲಿ ಬೇಡ, ಫೋನ್ ಮಾಡ್ತೀಯಾ?

ನಾನು: ಮಾಡ್ತಿದ್ದೀನಿ, ಎತ್ತು.