25 ವರ್ಷದ ಮೇಲೆ ಸಾಲಿ ಗೆಳೆಯರನ್ನು ಕೂಡಿಸಬೇಕು, ಮಾಡಿದವರು ಹೇಳಿ

ಕೇಳಿದವರು, ಕಲಬುರಗಿ

ನಾವು 2001ರಲ್ಲಿ ಇಲ್ಲಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಆಗ ಊರಿನ ಹೆಸರು ಗುಲ್ಬರ್ಗ. ಹೋದ ದೀಪಾವಳಿಗೆ ನಾಲ್ಕು ಜನ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುತ್ತ ವಾಟ್ಸ್ಆ್ಯಪ್ ಗುಂಪು ಶುರು ಮಾಡಿದೆವು. ಈಗ 31 ಜನ ಇದ್ದೇವೆ. ಹುಡುಗಿಯರು ಮೂರೇ ಜನ. ದಿನಾ ಗುಡ್ ಮಾರ್ನಿಂಗ್ ಹೂವು, ರಾತ್ರಿ ರಾಜಕೀಯದ ಜಗಳ. ಎಲ್ಲರನ್ನೂ ಒಂದು ದಿನ ಕೂಡಿಸಿ, ಸರ್‌ಗಳಿಗೆ ಒಂದು ಶಾಲು ಹೊದಿಸಬೇಕು ಅಂತ ಆಸೆ. ಯಾವಾಗ ಇಟ್ಟುಕೊಳ್ಳಬೇಕು, ದುಡ್ಡು ಹೇಗೆ ಕೂಡಿಸಬೇಕು, ಉಳಿದವರನ್ನು ಹುಡುಕೋದು ಹೇಗೆ? ಮಾಡಿ ಕೈ ಸುಟ್ಟುಕೊಂಡವರೂ ಹೇಳಿ.

ಸೇಡಂ ಕಡೆಯವರು, 1998ರ ಬ್ಯಾಚ್

ಊಟ, ಶಾಮಿಯಾನ ಎಲ್ಲ ಆಮೇಲೆ. ಮೊದಲು ಪಟ್ಟಿ. ನಾವು ಎಡವಿದ್ದೇ ಅಲ್ಲಿ.

ನಾವು ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿ ಇಟ್ಟುಕೊಂಡು ಹುಡುಕಲು ಶುರು ಮಾಡಿದ್ದೆವು. 41 ಹೆಸರು. ಮೂರು ತಿಂಗಳಲ್ಲಿ 35 ಜನ ಸಿಕ್ಕರು. ಭಾರಿ ಕೆಲಸ ಮಾಡಿದೆವು ಅಂತ ಬೀಗಿದೆವು. ಕಾರ್ಯಕ್ರಮಕ್ಕೆ ಎರಡು ವಾರ ಇದ್ದಾಗ ನಾನು ತೊಗರಿ ಮಾರಲು ಕಲಬುರಗಿಯ ಗಂಜ್ ಮಾರ್ಕೆಟ್ಟಿಗೆ ಹೋಗಿದ್ದೆ. ನನ್ನ ಚೀಲ ಇಳಿಸುತ್ತಿದ್ದ ಹಮಾಲ ಒಂದು ಚೀಲ ಹೊತ್ತು ಹೋದ, ಇಳಿಸಿ ಬಂದ, ಟವೆಲ್‌ನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದ. "ಏನಲೇ, ಎಲ್ಲರೂ ಕೂಡಾಕತ್ತೀರಂತ. ನನಗ್ಯಾಕ ಕರೀಲಿಲ್ಲ?" ಅಂದ. ಗುರುತು ಹತ್ತಲು ಅರ್ಧ ನಿಮಿಷ ಬೇಕಾಯಿತು. ಎಂಟು, ಒಂಬತ್ತು ಎರಡೂ ವರ್ಷ ನನ್ನ ಹಿಂದೆಯೇ ಕೂರುತ್ತಿದ್ದವನು. ನಾನು ಏನೋ ತೊದಲಿದೆ, ಪಟ್ಟಿ, ಪಾಸಾದವರು ಅಂತ. ಅವನು ಇನ್ನೊಂದು ಚೀಲಕ್ಕೆ ಕೊಕ್ಕೆ ಹಾಕುತ್ತ, "ಪಾಸಾಗಿಲ್ಲಂದ್ರ ನಾ ಸಾಲಿಗೇ ಬಂದಿಲ್ಲೇನು?" ಅಂದ. ಸಿಟ್ಟಿನಿಂದ ಅಲ್ಲ, ಸುಮ್ನೆ ಕೇಳಿದ.

ಅವತ್ತು ರಾತ್ರಿಯೇ ತಾರೀಕು ಮುಂದೆ ಹಾಕಿದೆವು. ಎಂಟನೇ ಕ್ಲಾಸಿನ ದಾಖಲಾತಿ ಹಿಡಿದು ಹೊಸ ಪಟ್ಟಿ ಮಾಡಿದೆವು. 41 ಇದ್ದದ್ದು 78 ಆಯಿತು. ನಮ್ಮ ಕಡೆ ಆಗ ಹೇಗಿತ್ತು ಗೊತ್ತಲ್ವಾ. ಮಳೆ ಹೋದ ವರ್ಷ ಅಪ್ಪ ಅಮ್ಮ ಮುಂಬೈಗೋ ಪುಣೆಗೋ ದುಡಿಯಲು ಹೋದರೆ ಮಕ್ಕಳೂ ಹಿಂದೆ ಹೋಗುತ್ತಿದ್ದರು. ಒಂಬತ್ತನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಮದುವೆಯಾಗಿ ಹೋದ ಹುಡುಗಿಯರೇ ಐದಾರು ಜನ. ಅವರೆಲ್ಲ ನಿಮ್ಮ ಕ್ಲಾಸಿನವರೇ.

ರಿಜಿಸ್ಟರ್ ನೋಡಬೇಕಾದರೆ ಹೆಡ್ ಮಾಸ್ತರರಿಗೆ ಒಂದು ಅರ್ಜಿ ಬರೆದುಕೊಂಡು ಹೋಗಿ. ಪುಟದ ಫೋಟೋ ಹೊಡೆದು ಗುಂಪಿಗೆ ಹಾಕಬೇಡಿ. ಅದರಲ್ಲಿ ಜಾತಿ, ಹುಟ್ಟಿದ ದಿನ ಎಲ್ಲ ಇರುತ್ತದೆ. ಅಲ್ಲೇ ಕೂತು ಹೆಸರು, ತಂದೆ ಹೆಸರು, ಊರು ಇಷ್ಟೇ ಬರೆದುಕೊಳ್ಳಿ. ಊರಿನ ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಆ ಊರಿನ ಕಿರಾಣಿ ಅಂಗಡಿಯವನಿಗೆ ಗೊತ್ತಿಲ್ಲದ ಮನೆ ಇರುವುದಿಲ್ಲ.

ಹುಮನಾಬಾದ್‌ನಿಂದ, 1999

ನಲವತ್ತು ದಾಟಿದ ನಮ್ಮನ್ನು ಇನ್ನೂ "ಹುಡುಗಿಯರು" ಅಂತ ಬರೆದಿದ್ದೀರಿ, ಸಂತೋಷ.

ಮೂರೇ ಜನ ಯಾಕೆ ಅಂದರೆ, ನೀವು ನಾಲ್ಕು ಗಂಡಸರು ಹುಡುಕಿದ್ದೀರಿ, ಅದಕ್ಕೆ. ಗೊತ್ತಿಲ್ಲದ ನಂಬರಿನಿಂದ ಗಂಡು ದನಿ "ನಾನು ನಿಮ್ಮ ಕ್ಲಾಸ್‌ಮೇಟ್" ಅಂದರೆ ಯಾರು ಮಾತಾಡುತ್ತಾರೆ? ಆ ಮೂವರಿಗೇ ಕೆಲಸ ಒಪ್ಪಿಸಿ. ಅವರು ಬೇರೆ ಗುಂಪು ಮಾಡಿಕೊಳ್ಳಲಿ, ದೊಡ್ಡ ಗುಂಪಿಗೆ ಬರುವುದು ಬಿಡುವುದು ಆಮೇಲೆ. ಹುಡುಕುವುದು ತವರುಮನೆಯಿಂದ. ಅಡ್ಡಹೆಸರು ಬದಲಾಗಿರುತ್ತದೆ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯಲ್ಲಿ ಹೆಸರೇ ಬದಲಾಯಿಸುತ್ತಾರೆ. ಹಾಗಾಗಿ ಫೇಸ್‌ಬುಕ್‌ನಲ್ಲಿ ಹುಡುಕಿ ಪ್ರಯೋಜನ ಇಲ್ಲ. ಅವರ ಅಣ್ಣ ತಮ್ಮಂದಿರು ಊರಲ್ಲೇ ಇರುತ್ತಾರೆ, ಅವರ ಮನೆಗೆ ಹೋಗಿ.

ನನ್ನ ಪಕ್ಕದ ಡೆಸ್ಕಿನವಳನ್ನು ಹಾಗೇ ಹುಡುಕಿದೆ. ಉದಗೀರ್ ಹತ್ತಿರದ ಹಳ್ಳಿಯಲ್ಲಿದ್ದಳು. ಫೋನ್ ಎತ್ತಿದ ತಕ್ಷಣ ಸಾಲಿಯ ಹೆಸರು ಹಿಡಿದು ಕರೆದೆ. ಆ ಕಡೆ ಮಾತೇ ಇಲ್ಲ. ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ, "ಈ ಹೆಸರಿಲೆ ಯಾರೂ ಕರದಿಲ್ಲ ನೋಡವಾ, ಇಪ್ಪತ್ತೆರಡು ವರ್ಷ ಆತು" ಅಂದಳು. ಮನೆಯಲ್ಲಿ ಎಲ್ಲರಿಗೂ ಆಕೆ ಬೇರೆಯೇ ಹೆಸರಿನವಳು.

ಇನ್ನು ಸಮಯ. ಬೆಳಿಗ್ಗೆ ಹತ್ತರಿಂದ ನಾಲ್ಕರ ಒಳಗೆ ಮುಗಿಸಿ. ಸಂಜೆ ಇಟ್ಟರೆ ಹಳ್ಳಿಯಿಂದ ಬರುವವರು ಬಸ್ಸಿನ ಚಿಂತೆಯಲ್ಲೇ ಇರುತ್ತಾರೆ. ಗಂಡ, ಮಕ್ಕಳನ್ನು ಕರೆತರಬಹುದು ಅಂತ ಮೊದಲೇ ಹೇಳಿ. ಎಷ್ಟೋ ಜನಕ್ಕೆ ಬರಲು ಅದೊಂದೇ ದಾರಿ.

ಮೈಕ್ ಯಾರ ಕೈಯಲ್ಲಿ ಕೊಡುತ್ತೀರಿ ನೋಡಿಕೊಳ್ಳಿ. ನಮ್ಮಲ್ಲಿ ಒಬ್ಬ, ಒಂಬತ್ತನೇ ಕ್ಲಾಸಿನ ಗೋಡೆ ಮೇಲೆ ಯಾರ ಹೆಸರಿನ ಪಕ್ಕ ಯಾರ ಹೆಸರು ಬರೆದಿದ್ದರು ಅಂತ ನಗಿಸಲು ಹೋದ. ಆಕೆಯ ಗಂಡ ಎರಡನೇ ಸಾಲಿನಲ್ಲಿ ಕೂತಿದ್ದರು. ಅವತ್ತು ರಾತ್ರಿ ಆಕೆ ಗುಂಪು ಬಿಟ್ಟಳು. ಈಗ ನನ್ನ ಫೋನನ್ನೂ ಎತ್ತುವುದಿಲ್ಲ.

ಯಾದಗಿರಿ, 1994

ನಮ್ಮ ಅಂಕಪಟ್ಟಿಯಲ್ಲಿ ಇನ್ನೂ ಗುಲ್ಬರ್ಗ ಜಿಲ್ಲೆ ಅಂತಲೇ ಇದೆ. ಯಾದಗಿರಿ ಜಿಲ್ಲೆ ಆದದ್ದು 2009ರ ಕೊನೆಗೆ. ಅದಿರಲಿ, ನಾನು ತಾರೀಕಿನ ಬಗ್ಗೆ ಮಾತ್ರ ಹೇಳುತ್ತೇನೆ.

ಏಪ್ರಿಲ್, ಮೇ ಅಂತೂ ಬೇಡವೇ ಬೇಡ. ಆ ಬಿಸಿಲಿಗೆ ನಮ್ಮ ಕಡೆ ಸರ್ಕಾರಿ ಆಫೀಸುಗಳೇ ಬೆಳಿಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಎಂಬತ್ತು ದಾಟಿದ ಸರ್‌ಗಳನ್ನು ಶಾಮಿಯಾನದ ಕೆಳಗೆ ಕೂರಿಸುವ ಕಾಲ ಅಲ್ಲ ಅದು. ನಿಮಗೆ ಅಪ್ಪನ (ಶರಣಬಸವೇಶ್ವರರ) ಜಾತ್ರೆಗೆ ಇಟ್ಟುಕೊಳ್ಳೋಣ ಅನ್ನಿಸಬಹುದು. ಶರಣಬಸವೇಶ್ವರ ತೇರು ಹೋಳಿಯಾಗಿ ಐದನೇ ದಿನ, ಹೊರಗಿದ್ದವರೂ ಊರಿಗೆ ಬಂದಿರುತ್ತಾರೆ. ಆದರೆ ಅದೇ ಹೊತ್ತಿಗೆ ಪರೀಕ್ಷೆ ಕಾಲ. ನಿಮ್ಮ ಸಾಲಿ ಪರೀಕ್ಷಾ ಕೇಂದ್ರ ಆಗಿದ್ದರೆ ಒಳಗೂ ಬಿಡುವುದಿಲ್ಲ. ಡಿಸೆಂಬರ್, ಜನವರಿ ಅಂದರೆ ತೊಗರಿ ರಾಶಿ. ಬೆಂಗಳೂರಿನವರು ಕ್ರಿಸ್‌ಮಸ್ ರಜೆ ಅಂತ ಆ ತಾರೀಕನ್ನೇ ಎಳೆಯುತ್ತಾರೆ, ಊರಲ್ಲಿ ಒಕ್ಕಲುತನ ಮಾಡುವವರು ಬರಲಾರರು. ಎಳ್ಳಮಾವಾಸ್ಯೆ ದಿನ ಕೇಳಲೇಬೇಡಿ, ಎಲ್ಲರೂ ಹೊಲದಲ್ಲಿ ಚರಗ ಚೆಲ್ಲಿ ಬಜ್ಜಿ ರೊಟ್ಟಿ ಉಣ್ಣುತ್ತಿರುತ್ತಾರೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಸಾಲಿಯಲ್ಲಿ ಹೇಗೂ ಧ್ವಜ ಹಾರಿಸುತ್ತಾರೆ ಅಂತ ನಾವು ಯೋಚಿಸಿದ್ದೆವು, ಆದರೆ ಬೆಂಗಳೂರು, ಪುಣೆಯವರಿಗೆ ರಜೆ ಇಲ್ಲ.

ಕಡೆಗೆ ದೀಪಾವಳಿ ಮುಗಿದ ಮೊದಲ ಭಾನುವಾರ ಮಾಡಿದೆವು, ಸರಿ ಹೋಯಿತು. ರೈಲಿನ ಟಿಕೆಟ್ ಈಗ 60 ದಿನ ಮೊದಲಷ್ಟೇ ತೆಗೆಯುತ್ತದೆ. ಹಬ್ಬದ ದಿನಗಳಿಗೆ ಉದ್ಯಾನ್, ಬಸವ ಎರಡೂ ಬೇಗ ತುಂಬುತ್ತವೆ. ಮೂರು ತಿಂಗಳು ಮೊದಲೇ ತಾರೀಕು ಹೇಳಿಬಿಡಿ.

ಪುಣೆಯಲ್ಲಿರುವ ಕಲಬುರಗಿಯವರು

ದುಡ್ಡು ಕೊಟ್ಟವರ ಪಟ್ಟಿ ಗುಂಪಿಗೆ ಹಾಕಬೇಡಿ. ನಾವು ದಿನಾ ರಾತ್ರಿ ಹಾಕುತ್ತಿದ್ದೆವು. ಮೇಲೆ ಹತ್ತು ಸಾವಿರದವರು, ಕೆಳಗೆ ಇನ್ನೂರು ಕೊಟ್ಟವರು. ಇನ್ನೂರು ಕೊಟ್ಟ ಏಳು ಜನರಲ್ಲಿ ಒಬ್ಬರೂ ಕಾರ್ಯಕ್ರಮಕ್ಕೆ ಬರಲಿಲ್ಲ. ಲೆಕ್ಕ ಇಡಲು ಊರಲ್ಲೇ ಇರುವ ಒಬ್ಬರು ಸಾಕು. ಬಂದದ್ದು ಒಟ್ಟು ಎಷ್ಟು, ಹೋದದ್ದು ಎಲ್ಲೆಲ್ಲಿ, ಇಷ್ಟು ಹೇಳಿದರೆ ಆಯಿತು.

ಸಾಲಿಗೆ ಏನಾದರೂ ಕೊಡುವುದಿದ್ದರೆ ಮೊದಲು ಕೇಳಿ. ನಾವು ದೊಡ್ಡ ಟಿವಿ ಕೊಟ್ಟೆವು, ಫೋಟೋ ತೆಗೆಸಿಕೊಂಡೆವು. ಮುಂದಿನ ವರ್ಷ ಹೋದರೆ ಅದು ಡಬ್ಬಿಯ ಸಮೇತ ಸ್ಟಾಫ್ ರೂಮಿನ ಮೂಲೆಯಲ್ಲಿತ್ತು. ಅವರಿಗೆ ಬೇಕಿದ್ದದ್ದು ಹುಡುಗಿಯರ ಶೌಚಾಲಯಕ್ಕೆ ನೀರಿನ ಟಾಕಿ.

ಹೆಸರು ಬೇಡ ಅಂದವರು

ಡಿಜೆ ಬೇಡ. ನಾಲ್ಕು ಮಾತಾಡಲು ಬಂದವರು ಕಿವಿಯಲ್ಲಿ ಕೂಗಾಡಿ ಮನೆಗೆ ಹೋದರು.

ಕಲಬುರಗಿ, 1989ರ ಬ್ಯಾಚ್

ನಾವು ಎರಡು ಸಲ ಮಾಡಿದ್ದೇವೆ. ಮೊದಲ ಸಲದ್ದು ಪಕ್ಕಾ ಗುರುವಂದನೆ ಮತ್ತು ಸ್ನೇಹ ಸಮ್ಮಿಲನ. ಫ್ಲೆಕ್ಸ್, ಸ್ವಾಗತ ಗೀತೆ, ಮುಖ್ಯ ಅತಿಥಿ, ಹಾರ ತುರಾಯಿ. ಮುಖ್ಯ ಅತಿಥಿ ನಮ್ಮ ಸಾಲಿಯವರೂ ಅಲ್ಲ. ಭಾಷಣ ಮುಗಿಯುವ ಹೊತ್ತಿಗೆ ಎರಡೂವರೆ. ಶುಗರ್ ಇದ್ದ ಹಿಂದಿ ಸರ್ ಊಟಕ್ಕೆ ಕಾದು ಕಾದು ಎದ್ದು ಹೋದರು. ನಾಚಿಕೆಯಾಯಿತು.

ಎರಡನೇ ಸಲ ವೇದಿಕೆಯನ್ನೇ ಹಾಕಲಿಲ್ಲ. ಹತ್ತನೇ ಕ್ಲಾಸಿನ ಹಳೇ ಕೋಣೆಯಲ್ಲೇ ಕೂತೆವು. ನಮ್ಮ ಕಾಲದಲ್ಲಿ ನೆಲಕ್ಕೆ ಶಹಾಬಾದ್ ಪರ್ಸಿ ಕಲ್ಲು ಇತ್ತು. ಬೇಸಿಗೆಯಲ್ಲಿ ಅಂಗೈ ಊರಿದರೆ ತಂಪು ಹತ್ತುತ್ತಿತ್ತು. ಕಂಪಾಸಿನ ಮುಳ್ಳಿನಿಂದ ಅದರ ಮೇಲೆ ಹೆಸರು ಕೆತ್ತುತ್ತಿದ್ದೆವು. ಈಗ ಟೈಲ್ಸ್ ಹಾಕಿದ್ದಾರೆ, ಆದರೆ ಬಾಗಿಲ ಹೊಸ್ತಿಲ ಹತ್ತಿರ ಒಂದು ಹಳೇ ಪರ್ಸಿ ಉಳಿದಿದೆ. ಐವತ್ತು ದಾಟಿದ ಗಂಡಸರು ಮಂಡಿ ಊರಿ ಅದರ ಮೇಲೆ ಹೆಸರು ಹುಡುಕಿದ್ದೇ ಹುಡುಕಿದ್ದು. ಯಾರದೂ ಸಿಗಲಿಲ್ಲ, ನಮ್ಮ ನಂತರದ ಬ್ಯಾಚಿನವರದ್ದು ಸಿಕ್ಕಿತು.

ಗಣಿತದ ಸರ್‌ಗೆ ಶಾಲು ಹೊದಿಸುವ ಮೊದಲು ಹಾಜರಿ ತೆಗೆಯಿರಿ ಅಂತ ಹಳೇ ಪಟ್ಟಿ ಕೈಗೆ ಕೊಟ್ಟೆವು. ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಕರೆದರು. ನಡುವೆ ಒಂದು ಹೆಸರು ಬಂತು. ಅವನು ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ಪಟ್ಟಿಯಲ್ಲಿ ಗುರುತು ಹಾಕಿಡುವುದು ನಮಗೆ ಮರೆತು ಹೋಗಿತ್ತು. ಸಾಲಿಗೆ ಚಕ್ಕರ್ ಹೊಡೆದು ಜಗತ್ ಸರ್ಕಲ್ಲಿನಲ್ಲಿ ತಿರುಗುತ್ತಿದ್ದವನು ಅವನು, ದಿನಾ ಅವನ ಹಾಜರಿ ಬೇರೆಯವರೇ ಹೇಳುತ್ತಿದ್ದರು. ಹಿಂದಿನ ಬೆಂಚಿನಿಂದ ಯಾರೋ ಅವತ್ತೂ "ಎಸ್ ಸರ್" ಅಂದರು. ಸರ್ ತಲೆ ಎತ್ತಲಿಲ್ಲ. ಟಿಕ್ ಹಾಕಿ ಮುಂದಿನ ಹೆಸರು ಕರೆದರು.

ಊಟಕ್ಕೆ ಬಫೆ ಬೇಡ, ಪಂಕ್ತಿಯಲ್ಲಿ ಕೂರಿಸಿ ಬಡಿಸಿ. ವಯಸ್ಸಾದವರಿಗೆ ಟೇಬಲ್ ಇರಲಿ. ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಹೋಳಿಗೆ ತುಪ್ಪ. ಬೆಂಗಳೂರಿನಿಂದ ಬಂದವರು ಪನೀರ್ ತಿನ್ನಲು ಬಂದಿರುವುದಿಲ್ಲ. ಸರ್‌ಗಳನ್ನು ಮನೆಯಿಂದ ಕರೆತಂದು ಮತ್ತೆ ಮನೆಗೆ ಬಿಡಲು ಒಬ್ಬೊಬ್ಬರಿಗೆ ಒಬ್ಬೊಬ್ಬ ಶಿಷ್ಯನನ್ನು ಗೊತ್ತು ಮಾಡಿ. ಗಂಟೆ ಹೊಡೆಯುತ್ತಿದ್ದ ಜವಾನರನ್ನು ಮರೆಯಬೇಡಿ, ನಮ್ಮೆಲ್ಲರ ಹೆಸರು ತಪ್ಪಿಲ್ಲದೆ ಹೇಳಿದವರು ಅವರೊಬ್ಬರೇ.

ಕೇಳಿದವರು

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಗುಡ್ ಮಾರ್ನಿಂಗ್ ಬಂದ್ ಮಾಡಿಸಿದ್ದೇನೆ, ಇಬ್ಬರು ಸಿಟ್ಟಾಗಿದ್ದಾರೆ. ಆ ಮೂವರು ತಮ್ಮದೇ ಗುಂಪು ಮಾಡಿಕೊಂಡು ವಾರದಲ್ಲಿ 14 ಜನರನ್ನು ಹುಡುಕಿದ್ದಾರೆ. ನಮಗೆ ನಾಲ್ವರಿಗೆ ಆರು ತಿಂಗಳು ಆಗಿತ್ತು.

ಇವತ್ತು ಅರ್ಜಿ ಕೊಟ್ಟು ಎಂಟನೇ ಕ್ಲಾಸಿನ ರಿಜಿಸ್ಟರ್ ನೋಡಿದೆ. 93 ಹೆಸರು. ನನ್ನ ಹೆಸರಿನ ಎರಡು ಸಾಲು ಕೆಳಗೆ ಒಬ್ಬನ ಹೆಸರಿತ್ತು, ಪೂರ್ತಿ ಮರೆತೇಬಿಟ್ಟಿದ್ದೆ. ಕುದಿಸಿದ ತೊಗರಿಕಾಯಿ ಜೇಬಲ್ಲಿ ತಂದು ಕ್ಲಾಸಿನಲ್ಲಿ ನನಗೂ ಕೊಡುತ್ತಿದ್ದವನು. ದಸರಾ ರಜೆಗೆ ಹೋದವನು ಬರಲೇ ಇಲ್ಲ. ಅವನ ಹೆಸರಿನ ಮುಂದೆ ಟಿಸಿ ಒಯ್ದ ತಾರೀಕಿನ ಕಾಲಂ ಇನ್ನೂ ಖಾಲಿ ಇದೆ. ಅವನ ಅಣ್ಣ ಶಹಾಬಜಾರ್ ನಾಕಾ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ ಅಂತ ಈಗಷ್ಟೇ ಗೊತ್ತಾಯಿತು. ನಾಳೆ ಬೆಳಿಗ್ಗೆ ಹೋಗುತ್ತೇನೆ.