ಜ್ವರವಿಲ್ಲದ ವಾರದಲ್ಲೂ ಫ್ಲೂ ಸಮೀಕ್ಷೆಗೆ ಉತ್ತರಿಸಬೇಕೇ?

ಪ್ರಶ್ನೆ (ನ್ಯೂಕ್ಯಾಸಲ್, ಆಸ್ಟ್ರೇಲಿಯಾದಿಂದ ಸದಸ್ಯೆಯೊಬ್ಬರು): ಡಾಕ್ಟರೇ, ನಮಸ್ಕಾರ. ಇಲ್ಲಿ ‘ಫ್ಲೂಟ್ರ್ಯಾಕಿಂಗ್’ ಎಂಬ ಸಮೀಕ್ಷೆಗೆ ನಮ್ಮ ಮನೆಯವರೆಲ್ಲರ ಹೆಸರು ನೋಂದಾಯಿಸಿದ್ದೇನೆ. ವಾರಕ್ಕೊಮ್ಮೆ ಇಮೇಲ್ ಬರುತ್ತದೆ. ಕಳೆದ ವಾರ ಜ್ವರವಿತ್ತೇ, ಕೆಮ್ಮಿತ್ತೇ, ಕೆಲಸಕ್ಕೆ ರಜೆ ಹಾಕಬೇಕಾಯಿತೇ ಎಂದು ಕೇಳುತ್ತಾರೆ. ಎಲ್ಲರೂ ಚೆನ್ನಾಗಿರುವಾಗ ವಾರವಾರವೂ ‘ಇಲ್ಲ’ ಎಂದು ತಿಳಿಸುವುದರಿಂದ ಏನು ಪ್ರಯೋಜನ? ಗಂಟಲಿನ ದ್ರವವನ್ನು ಪರೀಕ್ಷಿಸದೆ, ಬರಿಯ ಲಕ್ಷಣ ಕೇಳಿ ಫ್ಲೂ ಎಂದು ಹೇಳಲು ಬರುತ್ತದೆಯೇ?

ಉತ್ತರ (ಸಾರ್ವಜನಿಕ ಆರೋಗ್ಯ ವೈದ್ಯರು): ನಮಸ್ಕಾರ ಅಮ್ಮ. ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬರುವುದಿಲ್ಲ. ಜ್ವರ ಮತ್ತು ಕೆಮ್ಮು ಒಟ್ಟಿಗೆ ಬಂದರೆ ಅದನ್ನು ‘ಫ್ಲೂ ಮಾದರಿಯ ಕಾಯಿಲೆ’ ಎಂದಷ್ಟೇ ಕರೆಯುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಲ್ಲಿ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, ಜೊತೆಗೆ ಕೆಮ್ಮು, ಎರಡೂ ಕಳೆದ 10 ದಿನಗಳೊಳಗೆ ಆರಂಭವಾಗಿರಬೇಕು. ಅದರ ಹಿಂದೆ ಇನ್‌ಫ್ಲುಯೆಂಜಾ (ಅಂದರೆ ನಿಜವಾದ ಫ್ಲೂ) ಇರಬಹುದು, ಕೊರೊನಾ ಇರಬಹುದು, ಆರ್‌ಎಸ್‌ವಿ ಎಂಬ ಇನ್ನೊಂದು ಉಸಿರಾಟದ ವೈರಾಣು ಇರಬಹುದು. ಯಾವ ವೈರಾಣು ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು.

ಆದರೆ ಪ್ರಯೋಗಾಲಯಕ್ಕೆ ತಿಳಿಯದ ಒಂದು ಸಂಗತಿ ಸಮೀಕ್ಷೆಗೆ ತಿಳಿಯುತ್ತದೆ. ಮನೆಯಲ್ಲೇ ಮಲಗಿ, ಬಿಸಿನೀರು ಕುಡಿದು ಗುಣವಾದವರು ಪ್ರಯೋಗಾಲಯದ ಲೆಕ್ಕಕ್ಕೆ ಸೇರುವುದೇ ಇಲ್ಲ. ವೈದ್ಯರು ಹೆಚ್ಚು ಜನರನ್ನು ಪರೀಕ್ಷೆಗೆ ಕಳಿಸಿದ ವರ್ಷ ಕಾಯಿಲೆ ಹೆಚ್ಚಾಗದಿದ್ದರೂ ಸಂಖ್ಯೆ ಏರುತ್ತದೆ. ವಾರವಾರವೂ ಅದೇ ಜನರನ್ನು ಅದೇ ಪ್ರಶ್ನೆ ಕೇಳುವ ಸಮೀಕ್ಷೆಗೆ ಈ ಏರುಪೇರು ತಟ್ಟುವುದಿಲ್ಲ. ಇನ್ನು ನಿಮ್ಮ ‘ಇಲ್ಲ’ದ ಬೆಲೆ. ಒಂದು ವಾರ ಸಾವಿರ ಮಂದಿ ಉತ್ತರಿಸಿ, ಅವರಲ್ಲಿ 30 ಮಂದಿಗೆ ಜ್ವರ ಮತ್ತು ಕೆಮ್ಮು ಇತ್ತೆಂದು ಭಾವಿಸಿ, ಪ್ರಮಾಣ ಶೇ. 3. ಮುಂದಿನ ವಾರ ಆರೋಗ್ಯವಂತರು ಬೇಸರಗೊಂಡು ಸುಮ್ಮನಾಗಿ, 300 ಮಂದಿ ಮಾತ್ರ ಉತ್ತರಿಸಿದರೆ, ಕಾಯಿಲೆಯವರು ಅದೇ 30 ಮಂದಿಯಾಗಿದ್ದರೂ ಪ್ರಮಾಣ ಶೇ. 10 ಎಂದು ಕಾಣುತ್ತದೆ. ಇಲ್ಲದ ಅಲೆಯೊಂದು ಕಾಗದದ ಮೇಲೆ ಎದ್ದು ನಿಲ್ಲುತ್ತದೆ. ಆದ್ದರಿಂದ ಚೆನ್ನಾಗಿದ್ದವರ ಉತ್ತರವನ್ನು ಕಾಯಿಲೆ ಬಿದ್ದವರ ಉತ್ತರದಷ್ಟೇ ಆಸೆಯಿಂದ ನಾವು ಕಾಯುತ್ತೇವೆ.

ನಿಮ್ಮ ಸಮೀಕ್ಷೆ 2006ರಲ್ಲಿ ನೀವಿರುವ ಹಂಟರ್ ಪ್ರದೇಶದಲ್ಲೇ ನೂರಾರು ಜನರೊಂದಿಗೆ ಆರಂಭವಾಗಿ ದೇಶದಾದ್ಯಂತ ಹಬ್ಬಿತು. 2018ರಲ್ಲಿ ನ್ಯೂಜಿಲೆಂಡ್ ಕೂಡ ಸೇರಿಕೊಂಡಿತು. ಅದರ ನಿಜವಾದ ಉಪಯೋಗ ಕಂಡದ್ದು 2020ರ ಚಳಿಗಾಲದಲ್ಲಿ ಎಂಬುದು ನನ್ನ ಅಭಿಪ್ರಾಯ. ಆ ವರ್ಷ ಆಸ್ಟ್ರೇಲಿಯಾದಲ್ಲಿ ಇನ್‌ಫ್ಲುಯೆಂಜಾ ಬಹುತೇಕ ಕಾಣೆಯಾಯಿತು. ಕೊರೊನಾ ಭಯದಿಂದ ಜನ ಕ್ಲಿನಿಕ್‌ಗೆ ಹೋಗುತ್ತಿಲ್ಲವಾದ್ದರಿಂದ ಹಾಗೆ ಕಾಣುತ್ತಿರಬಹುದೆಂಬ ಅನುಮಾನ ಸಹಜವಾಗಿತ್ತು. ಆದರೆ ಮನೆಯಿಂದಲೇ ಉತ್ತರಿಸುವ ಈ ಸಮೀಕ್ಷೆಯಲ್ಲೂ ಜ್ವರ ಮತ್ತು ಕೆಮ್ಮಿನ ಪ್ರಮಾಣ ಹಿಂದಿನ ವರ್ಷಗಳಿಗಿಂತ ಬಹಳ ಕೆಳಗಿಳಿದಿತ್ತು. ಕಾಯಿಲೆಯೇ ಕಡಿಮೆಯಾಗಿದೆ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಅಷ್ಟೊಂದು ಜನ ಬೇಸರಿಸದೆ ‘ಇಲ್ಲ’ ಎಂದು ಬರೆದದ್ದರಿಂದ.

ಪ್ರಶ್ನೆ (ಬೆಂಗಳೂರಿನಿಂದ ಸದಸ್ಯರೊಬ್ಬರು): ಸರ್, ಜನ ಅಂತರ್ಜಾಲದಲ್ಲಿ ಏನು ಹುಡುಕುತ್ತಾರೆಂದು ನೋಡಿದರೆ ಇದೆಲ್ಲ ತಾನಾಗಿಯೇ ತಿಳಿಯುವುದಿಲ್ಲವೇ? ಬೆಂಗಳೂರಿನಲ್ಲಿ ಇಂಥ ಸಮೀಕ್ಷೆ ನಡೆಸಬಹುದೇ?

ಉತ್ತರ: ಆ ಪ್ರಯತ್ನ ನಡೆದಿದೆ. ಗೂಗಲ್ ಸಂಸ್ಥೆ 2008ರಲ್ಲಿ ‘ಫ್ಲೂ ಟ್ರೆಂಡ್ಸ್’ ಆರಂಭಿಸಿತು. 2012-13ರ ಚಳಿಗಾಲದಲ್ಲಿ ಅದರ ಅಂದಾಜು ಅಮೆರಿಕದ ಸರ್ಕಾರಿ ಲೆಕ್ಕಕ್ಕಿಂತ ಬಹಳ ಹೆಚ್ಚಾಗಿ, 2015ರಲ್ಲಿ ಅಂದಾಜು ಪ್ರಕಟಿಸುವುದನ್ನೇ ನಿಲ್ಲಿಸಲಾಯಿತು. ಸುದ್ದಿ ನೋಡಿ ಗಾಬರಿಯಾಗಿ ಹುಡುಕುವವರನ್ನೂ ಜ್ವರ ಬಂದು ಹುಡುಕುವವರನ್ನೂ ಅದು ಸರಿಯಾಗಿ ಬೇರ್ಪಡಿಸಲಾರದು. ನೇರವಾಗಿ ಕೇಳುವುದೇ ಮೇಲು.

ನಮ್ಮಲ್ಲಿ 2004ರಿಂದ ಸಮಗ್ರ ರೋಗ ಕಣ್ಗಾವಲು ಯೋಜನೆ ಇದೆ. ಆರೋಗ್ಯ ಕಾರ್ಯಕರ್ತೆಯರು ಲಕ್ಷಣಗಳನ್ನು ‘ಎಸ್’ ನಮೂನೆಯಲ್ಲಿ, ವೈದ್ಯರು ಸಂಭಾವ್ಯ ಪ್ರಕರಣಗಳನ್ನು ‘ಪಿ’ ನಮೂನೆಯಲ್ಲಿ, ಪ್ರಯೋಗಾಲಯದವರು ಖಚಿತವಾದವನ್ನು ‘ಎಲ್’ ನಮೂನೆಯಲ್ಲಿ ದಾಖಲಿಸುವ ವ್ಯವಸ್ಥೆ ಅದು. ಈಗ ಅದು ಕಂಪ್ಯೂಟರೀಕೃತವಾಗಿದೆ. ಆದರೆ ಜ್ವರ ಬಂದರೆ ಮೆಡಿಕಲ್ ಸ್ಟೋರಿಗೆ ಹೋಗಿ ಮಾತ್ರೆ ತಂದು ನುಂಗಿ ಮರುದಿನ ಕೆಲಸಕ್ಕೆ ಹೋಗುವವರು ಬೆಂಗಳೂರಿನಲ್ಲಿ ಎಷ್ಟು ಮಂದಿ ಎಂಬುದು ನಿಮಗೂ ಗೊತ್ತು. ಅವರನ್ನು ತಲುಪಲು ವಾರದ ಸಮೀಕ್ಷೆ ನೆರವಾದೀತು. ಹಾಗೆ ನಡೆಸುವುದಾದರೆ ಬರಿಯ ಜ್ವರವನ್ನು ಕೇಳಿದರೆ ಸಾಲದು, ಏಕೆಂದರೆ ಮಳೆಗಾಲದಲ್ಲಿ ಫ್ಲೂ ಮತ್ತು ಡೆಂಗಿ ಎರಡೂ ಒಟ್ಟಿಗೆ ಏರುವುದುಂಟು. ಬರಿಯ ಕೆಮ್ಮನ್ನು ಕೇಳಿದರೂ ಸಾಲದು, ಧೂಳಿನ ಅಲರ್ಜಿಯವರೆಲ್ಲ ಅದರಲ್ಲಿ ಸೇರಿಬಿಡುತ್ತಾರೆ. ಮನೆಯ ವಿಳಾಸ ಬೇಡ, ವಾರ್ಡ್ ಮತ್ತು ವಯಸ್ಸು ಸಾಕು. ನನಗಿರುವ ದೊಡ್ಡ ಚಿಂತೆ ಬೇರೆ: ಸ್ಮಾರ್ಟ್‌ಫೋನ್ ಇರುವ, ಓದು ಬಲ್ಲ, ಆರೋಗ್ಯದ ಬಗ್ಗೆ ಮೊದಲೇ ಕಾಳಜಿಯುಳ್ಳವರು ಮಾತ್ರ ಸೇರಿಕೊಂಡರೆ, ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವ ಕಾರ್ಮಿಕರ ಕೆಮ್ಮು ಆ ನಕ್ಷೆಯಲ್ಲಿ ಕಾಣುವುದೇ ಇಲ್ಲ. ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು, ಹಿಂದಿಗಳಲ್ಲೂ ಫೋನ್ ಕರೆ ಮಾಡಿ ಕೇಳುವ ಏರ್ಪಾಡು ಇರಲೇಬೇಕು ಎನ್ನುತ್ತೇನೆ.

ಪ್ರಶ್ನೆ (ನ್ಯೂಕ್ಯಾಸಲ್): ಇನ್ನೊಂದು ಸಂದೇಹ. ನಮ್ಮ ಅತ್ತೆಯವರಿಗೆ 76 ವರ್ಷ. ಕೆಮ್ಮು, ಸುಸ್ತು ಎಷ್ಟಿದ್ದರೂ ಜ್ವರ ಏರುವುದಿಲ್ಲ. ಅವರ ಪರವಾಗಿ ಏನು ತಿಳಿಸಲಿ?

ಉತ್ತರ: ಇದ್ದದ್ದನ್ನು ಇದ್ದಂತೆಯೇ ತಿಳಿಸಿ: ಕೆಮ್ಮು ಇದೆ, ಜ್ವರ ಇಲ್ಲ. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಕಾಣದಿರುವುದು ಸಾಮಾನ್ಯ, ನಮ್ಮ ವ್ಯಾಖ್ಯೆ ಅಂಥವರನ್ನು ಬಿಟ್ಟುಬಿಡುತ್ತದೆ ಎಂಬುದು ನಮಗೆ ತಿಳಿದ ಕೊರತೆಯೇ. ಹಾಗೆಂದು ಲೆಕ್ಕಕ್ಕೆ ಸೇರಲೆಂದು ಜ್ವರವನ್ನು ಸೇರಿಸಬೇಡಿ. ಸಮೀಕ್ಷೆ ಚಿಕಿತ್ಸೆಯಲ್ಲ ಎಂಬುದನ್ನೂ ಗಮನದಲ್ಲಿಡಿ: ಅವರಿಗೆ ಉಸಿರಾಟ ಕಷ್ಟವಾದರೆ, ಮಾತಿನಲ್ಲಿ ಗೊಂದಲ ಕಂಡರೆ ಅಥವಾ ಊಟ ಬಿಟ್ಟು ಮಂಕಾದರೆ, ಜ್ವರ ಬರಲೆಂದು ಕಾಯದೆ ಅಂದೇ ವೈದ್ಯರಿಗೆ ತೋರಿಸಿ.